ತಕ್ಕಡಿ ಮೇಷ್ಟ್ರ ಅಂಕ

ನಮ್ಮ ಶಾಲೆಯ ಭಾಷಾ ಮೇಷ್ಟ್ರಿಗೆ ತಕ್ಕಡಿ ಎಂದು ಹೆಸರು ಬಿದ್ದು ಎಂಟು ವರ್ಷವಾಯಿತು. ಅವರು ಕೊಟ್ಟ ಅಂಕ ಹೆಚ್ಚಾಯಿತು ಎಂದು ಆಡಿಕೊಂಡವರಿಲ್ಲ, ಕಡಿಮೆಯಾಯಿತು ಎಂದು ಜಗಳಕ್ಕೆ ಬಂದ ತಂದೆತಾಯಿಯೂ ಇಲ್ಲ. ನಾನು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಶಾಲೆಗೆ ವರ್ಷಕ್ಕೆ ಹತ್ತು ದೂರು ಬಂದರೆ ಅದರಲ್ಲಿ ಆರು ನನ್ನ ಮೇಲೆ ಇರುತ್ತವೆ. ಆದ್ದರಿಂದ ಈ ಕಥೆಯನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ, ಅದು ಪೂರ್ತಿ ಸುಳ್ಳು ಎಂದು ನಾನು ವಾದಿಸುವುದಿಲ್ಲ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕಟ್ಟಿದವನು ಇಟ್ಟಿಗೆಯಲ್ಲಿ ಬಹಳ ಕೈಬಿಗಿ ಮಾಡಿದ್ದಾನೆ. ಅವರ ಮನೆಯಲ್ಲಿ ಚಮಚ ಬಿದ್ದರೆ ನಮ್ಮ ಮನೆಯವಳು ನಮ್ಮ ಅಡುಗೆಮನೆಯ ನೆಲ ಹುಡುಕುತ್ತಾಳೆ. ಹೀಗಾಗಿ ತಕ್ಕಡಿಯ ಗುಟ್ಟು ಊರಿಗೆಲ್ಲ ಗೊತ್ತಿಲ್ಲದಿದ್ದರೂ ನನಗೆ ಮೊದಲಿನಿಂದ ಗೊತ್ತಿತ್ತು.

ಗುಟ್ಟು ಏನೆಂದರೆ, ಅಂಕ ಕೊಡುತ್ತಿದ್ದದ್ದು ಮೇಷ್ಟ್ರಲ್ಲ.

ಮೇಷ್ಟ್ರು ಯಾವುದನ್ನೂ ತೀರ್ಮಾನ ಮಾಡಲಾರದ ಜೀವ. ತರಕಾರಿ ಅಂಗಡಿಯಲ್ಲಿ ಎರಡು ಸೌತೆಕಾಯಿ ಹಿಡಿದು ನಿಂತರೆಂದರೆ, ಅಂಗಡಿಯವನು ಎರಡನ್ನೂ ಕಿತ್ತುಕೊಂಡು ಮೂರನೆಯದೊಂದನ್ನು ಚೀಲಕ್ಕೆ ತುರುಕಿ ಸಾಗಹಾಕಬೇಕು. ಇಂಥವರ ಕೈಗೆ ಎಂಬತ್ತನಾಲ್ಕು ಪ್ರಬಂಧ ಕೊಟ್ಟು ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಹೇಳಿ ಎಂದರೆ ಏನಾಗಬೇಕು? ಮೊದಲ ವರ್ಷಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬರುತ್ತಿತ್ತು. ಕೊನೆಗೆ ಒಂದು ಸಂಜೆ ಅವರು ಜಗುಲಿಯಲ್ಲಿ ಕೂತು ಒಂದು ಕಾಗದವನ್ನು ನಾಲ್ಕನೇ ಸಲ ಗಟ್ಟಿಯಾಗಿ ಓದುತ್ತಿದ್ದಾಗ, ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಅವರ ಹೆಂಡತಿಗೆ, ಅಂದರೆ ನಾನು ಅತ್ತಿಗೆ ಎಂದು ಕರೆಯುವವರಿಗೆ, ತಡೆಯಲಾಗಲಿಲ್ಲ. "ರೀ, ಅದಕ್ಕೆ ಆರು ಕೊಟ್ಟು ಮುಂದಿನದು ತೊಗೊಳ್ಳಿ" ಎಂದರು. ಮೇಷ್ಟ್ರು ಆರು ಬರೆದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಂದಿನಿಂದ ಅದೇ ಪದ್ಧತಿ. ಸಂಜೆ ಐದಕ್ಕೆ ಮೇಷ್ಟ್ರು ಓದುವುದು, ಅತ್ತಿಗೆ ಹೆಚ್ಚುತ್ತಲೋ ತೊಳೆಯುತ್ತಲೋ ಒಳಗಿನಿಂದ ಅಂಕ ಹೇಳುವುದು, ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಬರೆಯುವುದು. ಬರೀ ಅಂಕವಲ್ಲ, ಮಾತೂ ಬರುತ್ತಿತ್ತು. "ಓರೆ ಅಕ್ಷರದ ಹುಡುಗಿದಾ? ಮೂರೇ ಸಾಲಾ? ಇನ್ನೆರಡು ಸಾಲು ಬರಿ ಅಂತ ಹಾಕಿ ಅವಳಿಗೆ." ಅತ್ತಿಗೆ ಮದುವೆಗೋಸ್ಕರ ಕಾಲೇಜು ಅರ್ಧಕ್ಕೆ ಬಿಟ್ಟವರು. ಒಂದು ಮಗುವಿನ ಮುಖವನ್ನೂ ನೋಡಿರಲಿಲ್ಲ, ಆದರೆ ಎಂಬತ್ತನಾಲ್ಕು ಮಕ್ಕಳ ಮನೆಯ ಸುದ್ದಿಯೂ ಅವರ ಬಾಯಲ್ಲಿರುತ್ತಿತ್ತು.

ಹೀಗೆ ಎಲ್ಲ ಸುಖವಾಗಿದ್ದಾಗ ಯಂತ್ರ ಬಂತು.

ಯಂತ್ರ ಎಂದರೆ ಪ್ರಯೋಗಾಲಯದ ಉಗ್ರಾಣದಲ್ಲಿ ಕೂರಿಸಿದ ಒಂದು ಕಂಪ್ಯೂಟರು, ಪಕ್ಕದಲ್ಲಿ ಕಾಗದ ನುಂಗುವ ಒಂದು ಪೆಟ್ಟಿಗೆ, ಅದರ ಜೊತೆಗೆ ಅದನ್ನು ನೋಡಿಕೊಳ್ಳಲು ಇಲಾಖೆ ಕಳಿಸಿದ ಒಬ್ಬ ಹುಡುಗಿ. ಇನ್ನು ಮುಂದೆ ಉತ್ತರಪತ್ರಿಕೆಗಳಿಗೆ ಅಂಕ ಹಾಕುವುದು ಕೃತಕ ಬುದ್ಧಿಮತ್ತೆ ಎಂದು ಸುತ್ತೋಲೆ ಓದಿದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಡಬ್ಬಿ ಬಿಚ್ಚಲಿಲ್ಲ. ಗಣಿತದ ಮೇಷ್ಟ್ರು ಕಿಟಕಿಯ ಹತ್ತಿರ ನಿಂತು, "ಇವತ್ತು ಅಂಕ ಹಾಕುತ್ತೆ, ನಾಳೆ ಪಾಠ ಮಾಡುತ್ತೆ, ನಾಡಿದ್ದು ನನ್ನ ಕುರ್ಚೀಲಿ ಕೂತ್ಕೊಳ್ಳುತ್ತೆ, ನೋಡ್ತಿರಿ" ಎಂದರು. ಆ ಕುರ್ಚಿಯ ಒಂದು ಕಾಲು ಮುರಿದು ಮೂರು ವರ್ಷವಾಗಿದೆ, ಯಂತ್ರ ಅಷ್ಟು ದಡ್ಡತನ ಮಾಡಲಾರದು ಎಂದು ನಾನು ಸಮಾಧಾನ ಹೇಳಿದೆ. ಯಾರೂ ನಗಲಿಲ್ಲ. ಭಾಷೆ ಆದ ಮೇಲೆ ಮುಂದಿನ ಸರದಿ ಡ್ರಾಯಿಂಗ್ ಅಲ್ಲ ಎಂದು ಬರೆದುಕೊಟ್ಟವರು ಯಾರು?

ಯಂತ್ರಕ್ಕೆ ಹುಟ್ಟಿನಿಂದ ಏನೂ ಗೊತ್ತಿರುವುದಿಲ್ಲವಂತೆ. ಒಬ್ಬ ಒಳ್ಳೆಯ ಮೇಷ್ಟ್ರು ತಿದ್ದಿದ ಸಾವಿರಾರು ಕಾಗದ ತೋರಿಸಿದರೆ, ನೋಡಿ ನೋಡಿ ಅವರ ಹಾಗೇ ಅಂಕ ಹಾಕಲು ಕಲಿಯುತ್ತದಂತೆ. ಹೆಡ್ ಮೇಡಂ ಸುತ್ತಲೂ ನೋಡಿದರು. ಸುತ್ತಲೂ ನೋಡುವ ಅಗತ್ಯವೇ ಇರಲಿಲ್ಲ.

"ನಮ್ಮ ತಕ್ಕಡಿ ಮೇಷ್ಟ್ರೇ ಇದಾರಲ್ಲ! ಮೇಷ್ಟ್ರೇ, ನೀವು ಅಷ್ಟು ಸರಿಯಾಗಿ ಹೇಗೆ ಅಂಕ ಕೊಡ್ತೀರಿ?"

ಮೇಷ್ಟ್ರು ಆಗ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹತ್ತು ಜನ ತಮ್ಮ ಮುಖ ನೋಡುತ್ತಿದ್ದಾರೆ ಎಂದ ಕೂಡಲೇ ಅವರಿಗೆ ಎಲ್ಲಿಂದಲೋ ಗಾಂಭೀರ್ಯ ಬಂದುಬಿಟ್ಟಿತು. ಕನ್ನಡಕ ತೆಗೆದು ಒರೆಸಿಕೊಂಡು, "ಅದಕ್ಕೊಂದು ಕ್ರಮ ಇದೆ ಮೇಡಂ. ಹೇಳಿದ್ರೆ ಅರ್ಥ ಆಗಲ್ಲ" ಎಂದರು.

ಹೆಡ್ ಮೇಡಂ ಆ ಮಾತನ್ನು ಅಕ್ಷರ ಬಿಡದೆ ಇಲಾಖೆಗೆ ಬರೆದರು. ರದ್ದಿಗೆ ಹಾಕಲು ಆದೇಶ ಬಂದಿಲ್ಲವೆಂದು ನಮ್ಮ ಜವಾನ ಮೆಟ್ಟಿಲ ಕೆಳಗೆ ಎಂಟು ವರ್ಷದಿಂದ ಪೇರಿಸಿಟ್ಟಿದ್ದ ಕಟ್ಟುಗಳೆಲ್ಲ ಯಂತ್ರದ ಹೊಟ್ಟೆಗೆ ಹೋದವು. ಎರಡು ತಿಂಗಳಲ್ಲಿ ಯಂತ್ರ ಪಾಸಾಯಿತು. ಅದನ್ನು ನಲವತ್ತು ಶಾಲೆಗಳಲ್ಲಿ ಕೂರಿಸಿದರು. ಹೆಡ್ ಮೇಡಂ ಎಲ್ಲರೆದುರು ಮೇಷ್ಟ್ರ ಕೈ ಕುಲುಕಿದರು. ಅವತ್ತು ಸಂಜೆ ಗೋಡೆಯಾಚೆ ಮೇಷ್ಟ್ರು ಇದನ್ನು ಹೇಳುವುದು, ಅತ್ತಿಗೆ "ನಲವತ್ತು ಶಾಲೇಲಾ?" ಎಂದು ಕೇಳುವುದು, ಪಾತ್ರೆಯ ಸದ್ದು ಸ್ವಲ್ಪ ಹೊತ್ತು ನಿಲ್ಲುವುದು, ಎಲ್ಲ ನನಗೆ ಕೇಳಿಸಿತು.

ಆಮೇಲೆ ಒಂದು ಶುಕ್ರವಾರ ಇಲಾಖೆಯ ಅಧಿಕಾರಿ ಕಾರಿನಿಂದ ಇಳಿದರು. ದಪ್ಪ ಮೀಸೆ, ಕಂಕುಳಲ್ಲಿ ಕಡತ. ಹೆಡ್ ಮೇಡಂ ಕೋಣೆಗೆ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು.

ಯಂತ್ರದ ಹುಡುಗಿ ಒಂದು ಹಾಳೆ ಮುಂದಿಟ್ಟಳು. "ಸಾರ್, ನಿಮ್ಮ ಅಂಕಗಳು ತುಂಬಾ ಚೆನ್ನಾಗಿವೆ. ಇಷ್ಟು ಒಂದೇ ಸಮನಾದ ಕೈ ನಾವೆಲ್ಲೂ ನೋಡಿಲ್ಲ. ಆದರೆ ಎರಡು ವರ್ಷದ ಹಿಂದಿನ ಒಂದು ಕಟ್ಟು ಮಾತ್ರ ಹೊಂದ್ತಾ ಇಲ್ಲ. ಅದನ್ನ ತಿದ್ದಿರೋದು ಬೇರೆ ಯಾರೋ ಅಂತ ಯಂತ್ರ ಹೇಳ್ತಿದೆ."

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಆ ಕಟ್ಟು ಯಾವುದೆಂದು ನನಗೂ ಹೊಳೆಯಿತು. ಎರಡು ವರ್ಷದ ಹಿಂದೆ ತಂಗಿಗೆ ಹೆರಿಗೆ ಎಂದು ಅತ್ತಿಗೆ ಮೂರು ವಾರ ಊರಲ್ಲಿರಲಿಲ್ಲ. ಆ ಕಟ್ಟನ್ನು ಮೇಷ್ಟ್ರು ತಾವೇ ತಿದ್ದಿದ್ದರು. ಅಂದರೆ ಎಂಟು ವರ್ಷದಲ್ಲಿ ಅವರು ಸ್ವಂತವಾಗಿ ಮಾಡಿದ ಕೆಲಸ ಅದೊಂದೇ.

"ಇದನ್ನ ನೋಡಿ" ಎಂದು ಅಧಿಕಾರಿ ಮೇಜು ಕುಟ್ಟಿದರು. "ಮೊದಲ ಹದಿನೈದು ಕಾಗದಕ್ಕೆ ಐದು ಅಂಕ. ಆಮೇಲಿನ ಹದಿನೈದಕ್ಕೆ ಆರು. ಆಮೇಲೆ ಏಳು. ಆಮೇಲೆ ಮತ್ತೆ ಐದರಿಂದ ಶುರು. ಮೆಟ್ಟಿಲು ಹತ್ತಿದ ಹಾಗೆ! ಇದೇನ್ರೀ ಇದು?"

ಅದೇನೆಂದು ನನಗೆ ಗೊತ್ತಿತ್ತು. ತೀರ್ಮಾನ ಮಾಡಲಾಗದೆ ತಲೆಯೆತ್ತಿದಾಗಲೆಲ್ಲ ಮೇಷ್ಟ್ರಿಗೆ ಎದುರಿಗೆ ಕಾಣುತ್ತಿದ್ದದ್ದು ಗೋಡೆ ಗಡಿಯಾರ. ಐದು ಗಂಟೆಯಲ್ಲಿ ತಿದ್ದಿದ್ದಕ್ಕೆ ಐದು, ಆರರಲ್ಲಿ ತಿದ್ದಿದ್ದಕ್ಕೆ ಆರು. ಎಂಟಕ್ಕೆ ಅವರು ಊಟಕ್ಕೆ ಏಳುತ್ತಿದ್ದರಾದ್ದರಿಂದ ಎಂಟು ಅಂಕ ಯಾವ ಮಗುವಿಗೂ ಸಿಗಲಿಲ್ಲ.

"ಯಾವ ದಡ್ಡನ ಕೈಲಿ ತಿದ್ದಿಸಿದ್ರಿ ಇದನ್ನ?" ಎಂದರು ಅಧಿಕಾರಿ.

ಮೇಷ್ಟ್ರು ಹಾಳೆಯನ್ನು ಮೆಲ್ಲಗೆ ಅಧಿಕಾರಿಯ ಕಡೆಗೆ ತಳ್ಳಿದರು. "ನನಗೂ ಅವನ ಬಗ್ಗೆ ಒಳ್ಳೇ ಅಭಿಪ್ರಾಯ ಇಲ್ಲ ಸಾರ್."

"ಅಂದ್ರೆ ಬೇರೆಯವರು ತಿದ್ದಿದ್ದು ನಿಜ!"

"ಇಲ್ಲ ಸಾರ್, ನಾನೇ ತಿದ್ದಿದ್ದು."

"ನೀವೇ ತಿದ್ದಿದ್ರೆ ನಿಮ್ಮ ಹಾಗೆ ಯಾಕಿಲ್ಲ?"

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಭೂಪಟದಲ್ಲಿ ಸಮುದ್ರಗಳನ್ನು ಎಣಿಸತೊಡಗಿದೆ.

ಅಧಿಕಾರಿ ಎದ್ದು ನಿಂತರು. ಮಕ್ಕಳ ಉತ್ತರಪತ್ರಿಕೆ ಹೊರಗಿನವರ ಕೈಗೆ ಕೊಡುವುದು ಎಂಥ ಅಪರಾಧ, ಎಷ್ಟು ಜನ ಅದಕ್ಕಾಗಿ ಕೆಲಸ ಕಳೆದುಕೊಂಡಿದ್ದಾರೆ ಎಂದು ವಿವರವಾಗಿ ಹೇಳಿದರು. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇದೇ ಕೋಣೇಲಿ ಹತ್ತು ಹಳೇ ಕಾಗದ ಕೊಡ್ತೀವಿ. ಅಂಕ ಕಾಣದ ಹಾಗೆ ಅಳಿಸಿರ್ತೀವಿ. ನಮ್ಮೆದುರಿಗೇ ತಿದ್ದಿ. ಅಂಕ ಹೊಂದಿದ್ರೆ ನೀವು ನೀವೇ. ಹೊಂದದಿದ್ರೆ, ನಾನು ಬರೆಯೋದು ಬರೀತೀನಿ."

ಮೇಷ್ಟ್ರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅವತ್ತು ಸಂಜೆ ನಾವು ಜೊತೆಯಲ್ಲೇ ಮನೆಗೆ ನಡೆದೆವು. ಮೇಷ್ಟ್ರು ಚಪ್ಪಲಿಯನ್ನು ನಮ್ಮ ಮನೆಯ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ತಮ್ಮ ಮನೆಗೆ ಹೋದರು.

ಚಪ್ಪಲಿ ಕೊಡುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಅತ್ತಿಗೆ ಎಲ್ಲ ಕೇಳಿ, "ನಿಜ ಹೇಳಿಬಿಡಿ" ಎಂದರು.

"ನಿಜ ಹೇಳಿದ್ರೆ ಕೆಲಸ ಹೋಗುತ್ತೆ ಕಣೇ!"

"ಸುಳ್ಳು ಹೇಳಿದ್ರೆ ಉಳಿಯುತ್ತಾ? ನಿಮಗೆ ಅಂಕ ಕೊಡೋಕೆ ಬರಲ್ವಲ್ಲ." ಆಮೇಲೆ ಬಟ್ಟೆ ಮಡಿಸುತ್ತ, ಯಾರ ಮುಖವನ್ನೂ ನೋಡದೆ ಕೇಳಿದರು. "ಆ ಇನ್ನೊಂದು ಕೈ ಬಗ್ಗೆ ಏನೋ ಹೇಳಿದಾರೆ ಅಂದ್ರಲ್ಲ. ಏನದು?"

"ಇಷ್ಟು ಒಂದೇ ಸಮನಾದ ಕೈ ಎಲ್ಲೂ ನೋಡಿಲ್ಲ ಅಂದ್ರು" ಎಂದು ನಾನೇ ಹೇಳಿದೆ.

"ಎಲ್ಲೂ?"

"ಎಲ್ಲೂ."

ಅತ್ತಿಗೆ ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದರು. ಆ ಹೊತ್ತಿಗೆ ಬಾಗಿಲಲ್ಲಿ ಅವರ ತಮ್ಮ ಪ್ರತ್ಯಕ್ಷನಾದ. ವಕೀಲರ ಹತ್ತಿರ ಗುಮಾಸ್ತನಾಗಿರುವ ಈತ ಎಲ್ಲಿ ಗಾಬರಿ ಇದೆಯೋ ಅಲ್ಲಿಗೆ ಹೇಳಿಕಳಿಸಿದ ಹಾಗೆ ಬರುತ್ತಾನೆ. ವಿಷಯ ಕೇಳಿ ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ.

"ಭಾವ, ಇದು ಸಣ್ಣ ಕೇಸಲ್ಲ. ಬೇರೆಯವರ ವೇಷ ಹಾಕೋದು ಒಂದು ಅಪರಾಧ. ನೀವು ನಿಮ್ಮದೇ ವೇಷ ಹಾಕಿದೀರಿ. ಅದೂ ಮೂರು ವಾರ."

"ನಾನು ನಾನಾಗಿರೋದು ತಪ್ಪೇನೋ?"

"ತಪ್ಪಲ್ಲ. ಆದರೆ ಸಾಕ್ಷಿ ಯಾರು? ಮಷೀನೇ ನಿಮ್ಮ ವಿರುದ್ಧ ಹೇಳ್ತಿದೆ. ಪಾಟೀಸವಾಲು ಮಾಡಿ ಅದರ ಬಾಯಿ ಬಿಡಿಸೋಕೆ ಆಗುತ್ತಾ? ನಮ್ಮ ವಕೀಲರೂ ಕೈ ಎತ್ತಿಬಿಡ್ತಾರೆ. ಅಕ್ಕಾ, ಒಂದು ಲೋಟ ಕಾಫಿ."

ಅವನು ಕಾಫಿ ಕುಡಿದು ಹೋದ ಮೇಲೆ ಮೇಷ್ಟ್ರು ಅವನ ಖಾಲಿ ಲೋಟವನ್ನೇ ಎತ್ತಿ ಕುಡಿಯಹೋದರು. ಕೊನೆಗೆ ಉಳಿದದ್ದು ಒಂದೇ ದಾರಿ. ಎರಡು ದಿನದಲ್ಲಿ ಮೇಷ್ಟ್ರು ಅತ್ತಿಗೆಯಿಂದ ಅಂಕ ಕೊಡುವುದನ್ನು ಕಲಿಯಬೇಕು. ಯಂತ್ರ ಎರಡು ತಿಂಗಳಲ್ಲಿ ಕಲಿತಿದ್ದನ್ನು ಮನುಷ್ಯ ಎರಡು ದಿನದಲ್ಲಿ ಕಲಿಯಲಾರನೇ ಎಂದು ನಾನು ಹುರಿದುಂಬಿಸಿದೆ. ನನ್ನ ಮಾತಿನಲ್ಲಿ ನನಗೇ ನಂಬಿಕೆ ಇರಲಿಲ್ಲ.

ಶನಿವಾರ ನಾನು ಮೇಷ್ಟ್ರು ಶಾಲೆಗೆ ಒಪ್ಪಿಸದೆ ಉಳಿಸಿಕೊಂಡಿದ್ದ ಹಳೆಯ ಕಾಗದಗಳನ್ನು ಓದುವುದು, ಅತ್ತಿಗೆ ಹೇಳಿಕೊಡುವುದು, ಮೇಷ್ಟ್ರು ಟಿಪ್ಪಣಿ ಮಾಡಿಕೊಳ್ಳುವುದು ಎಂದಾಯಿತು. ಪ್ರಬಂಧದ ವಿಷಯ, ನಮ್ಮ ಮನೆಯ ಕಿಟಕಿ.

"ಇದಕ್ಕೆ ನಾಲ್ಕು" ಎಂದರು ಅತ್ತಿಗೆ. "ಕಿಟಕಿಯಿಂದ ಗಾಳಿ ಬೆಳಕು ಬರುತ್ತೆ ಅಂತ ಬರೆದಿದಾನೆ. ಅದು ಎಲ್ಲರ ಕಿಟಕೀಲೂ ಬರುತ್ತೆ. ಇವನು ತನ್ನ ಕಿಟಕಿ ನೋಡೇ ಇಲ್ಲ."

ಮೇಷ್ಟ್ರು ಬರೆದುಕೊಂಡರು: ಗಾಳಿ ಬೆಳಕು, ನಾಲ್ಕು.

"ಇದಕ್ಕೆ ಏಳೂವರೆ. ಕಿಟಕಿ ಅಲ್ಲಾಡುತ್ತೆ ಅಂತ ಸಂದೀಲಿ ಒಂದು ಪುಸ್ತಕ ತುರುಕಿದಾರಂತೆ. ಯಾವ ಪುಸ್ತಕ, ಯಾವ ಪುಟಕ್ಕೆ ನೀರು ತಾಗಿದೆ ಅಂತಾನೂ ಬರೆದಿದಾಳೆ."

ಮೇಷ್ಟ್ರು ಬರೆದುಕೊಂಡರು: ಪುಸ್ತಕ ತುರುಕಿದರೆ ಏಳೂವರೆ.

ಮುಂದಿನ ಕಾಗದದಲ್ಲೂ ಸಂದಿಯಲ್ಲಿ ಪುಸ್ತಕ ಬಂತು. ಮೇಷ್ಟ್ರು ಖುಷಿಯಿಂದ ಎದ್ದೇ ನಿಂತರು. "ಏಳೂವರೆ!"

"ನಾಲ್ಕೂವರೆ. ಇವನು ಅವಳ ಹಿಂದಿನ ಬೆಂಚು. ನೋಡಿ ಬರೆದಿದಾನೆ."

"ಹಿಂದಿನ ಬೆಂಚು ಅಂತ ನಿನಗೆ ಹೇಗೆ ಗೊತ್ತೇ?"

"ಎರಡು ವರ್ಷದಿಂದ ಅವಳು ಬರೆದಿದ್ದೇ ಬರೀತಿದಾನಲ್ಲ. ನಿಮಗೆ ಕೇಳಿಸಲ್ವಾ? ನೀವೇ ಅಲ್ವಾ ಓದೋರು?"

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎಂಟು ವರ್ಷ ಗಟ್ಟಿಯಾಗಿ ಓದಿದ್ದಾರೆ, ಒಂದು ದಿನವೂ ಕೇಳಿಸಿಕೊಂಡಿಲ್ಲ. ಭಾನುವಾರ ಸಂಜೆಗೆ ಅವರ ಟಿಪ್ಪಣಿ ನಲವತ್ತು ಪುಟವಾಗಿತ್ತು, ತಲೆ ಖಾಲಿಯಾಗಿತ್ತು.

ಸೋಮವಾರ ಬೆಳಿಗ್ಗೆ ಹೆಡ್ ಮೇಡಂ ಕೋಣೆಯಲ್ಲಿ ಅಧಿಕಾರಿ, ಮೇಡಂ, ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡ ಯಂತ್ರದ ಹುಡುಗಿ, ಮೂಲೆಯಲ್ಲಿ ನೀರಿನ ಲೋಟ ಹಿಡಿದ ಜವಾನ. ಪಕ್ಷಪಾತವಿಲ್ಲದ ಸಾಕ್ಷಿ ಬೇಕೆಂದು ನನ್ನನ್ನು ಕೂರಿಸಿದರು. ಅಂಕದ ವಿಷಯದಲ್ಲಿ ನನ್ನಷ್ಟು ಏನೂ ತಿಳಿಯದವರು ಬೇರಿಲ್ಲ ಎಂದು ಮೇಡಂ ಅಧಿಕಾರಿಗೆ ಭರವಸೆ ಕೊಟ್ಟರು.

ಮೇಷ್ಟ್ರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ತೆರೆದರು. ಡಬ್ಬಿ ಖಾಲಿ. ಗಾಬರಿಯಲ್ಲಿ ಕನ್ನಡಕ ಮನೆಯಲ್ಲೇ ಉಳಿದಿತ್ತು. ಜವಾನ ಹೊರಗೆ ಹೋಗಿ ಮೇಷ್ಟ್ರ ಮನೆಗೆ ಫೋನ್ ಮಾಡಿ ಬಂದ.

"ಅಷ್ಟರಲ್ಲಿ ಶುರು ಮಾಡಿ" ಎಂದರು ಅಧಿಕಾರಿ.

ಮೇಷ್ಟ್ರು ಮೊದಲ ಕಾಗದವನ್ನು ಕೈ ಚಾಚಿ ದೂರ ಹಿಡಿದು, ಹತ್ತಿರ ಹಿಡಿದು, ಬೆಳಕಿಗೆ ಹಿಡಿದು, ಕೊನೆಗೆ "ಆರು" ಎಂದರು. ಹುಡುಗಿ ಪರದೆ ನೋಡಿದಳು. "ನಾಲ್ಕು ಸಾರ್." ಎರಡನೆಯದಕ್ಕೆ "ನಾಲ್ಕು" ಎಂದರು. ಪರದೆಯಲ್ಲಿ ಏಳೂವರೆ ಇತ್ತು. ಮೂರನೆಯದು ಹೇಳುವ ಮೊದಲು ಅವರ ಕಣ್ಣು ಮೆಲ್ಲಗೆ ಮೇಡಂ ತಲೆಯ ಮೇಲಿನ ಗಡಿಯಾರದ ಕಡೆಗೆ ಹೊರಳಿತು. ನನಗೆ ಕೂಗಿಬಿಡೋಣ ಎನ್ನಿಸಿತು. "ಹತ್ತು" ಎಂದರು ಮೇಷ್ಟ್ರು.

ಹತ್ತಕ್ಕೆ ಹತ್ತು ನಮ್ಮ ಶಾಲೆಯಲ್ಲಿ ಭಾಷೆಗೆ ಯಾವತ್ತೂ ಯಾರಿಗೂ ಬಂದಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಮೇಷ್ಟ್ರೇ, ಇನ್ನೂ ಏಳಿವೆ" ಎಂದು ಮೇಡಂ ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು.

ಮೇಷ್ಟ್ರು ನಾಲ್ಕನೆಯದನ್ನು ಅಕ್ಷರ ಕಾಣುವಷ್ಟು ದೂರ ಹಿಡಿದು ಬಾಯೊಳಗೇ ಗೊಣಗತೊಡಗಿದರು.

"ಅದೇನು ಮಂತ್ರ ಹೇಳ್ತಿದೀರಿ? ಓದೋದಾದ್ರೆ ಗಟ್ಟಿಯಾಗಿ ಓದಿ, ನಮಗೂ ಕೇಳಲಿ" ಎಂದು ಅಧಿಕಾರಿ ಗದರಿದರು.

ಮೇಷ್ಟ್ರು ಹೆದರಿ ಗಟ್ಟಿಯಾಗಿ ಓದಿದರು. ಜಗುಲಿಯಲ್ಲಿ ಓದುವ ಅದೇ ರಾಗ, ಅದೇ ನಿಲುಗಡೆ. ಕಿಟಕಿಯ ಸರಳಿನಲ್ಲಿ ಸಿಕ್ಕಿಕೊಂಡ ಒಂದು ಚೆಂಡಿನ ಕಥೆ ಅದು. ಓದಿ ಮುಗಿಸಿ ಅಭ್ಯಾಸಬಲದಿಂದ ಪೆನ್ನು ಎತ್ತಿ ಕಾದರು.

"ಐದೂವರೆ" ಎಂದಿತು ಬಾಗಿಲು. "ಚೆಂಡು ಆಮೇಲೆ ಏನಾಯ್ತು ಅಂತ ಕೇಳಿ ಅವನ್ನ."

ಬಾಗಿಲಲ್ಲಿ ಅತ್ತಿಗೆ ಕನ್ನಡಕ ಹಿಡಿದು ನಿಂತಿದ್ದರು. ಆಡಿದ ಮೇಲೆ ಆಡಿದ್ದು ಗೊತ್ತಾಗಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಜವಾನನ ಕೈಯ ಲೋಟದಿಂದ ನೀರು ಚೆಲ್ಲಿತು. ಹುಡುಗಿ ಪರದೆ ನೋಡಿ, ಅತ್ತಿಗೆಯನ್ನು ನೋಡಿ, ಮತ್ತೆ ಪರದೆ ನೋಡಿದಳು.

"ಐದೂವರೆ ಸಾರ್" ಎಂದಳು ಮೆಲ್ಲಗೆ.

"ಯಾರ್ರೀ ಅದು?" ಎಂದರು ಅಧಿಕಾರಿ.

"ನನ್ನ ಕನ್ನಡಕ ಸಾರ್" ಎಂದರು ಮೇಷ್ಟ್ರು.

ಅಧಿಕಾರಿ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. ಅವರಿಗೆ ಅರ್ಥವಾಗುತ್ತಿರುವುದು ಅವರ ಮೀಸೆಯಲ್ಲಿ ಕಾಣುತ್ತಿತ್ತು. "ಮುಂದಿನದು ಓದಿ" ಎಂದರು.

ಮೇಷ್ಟ್ರು ಓದಿದರು. ಅತ್ತಿಗೆ ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ. "ಎಂಟು" ಎಂದರು. ಎಂಟೇ. ಅದರ ಮುಂದಿನದು ಮೂರೂವರೆ. ಮೂರೂವರೆಯೇ. ಹೀಗೆ ಒಂಬತ್ತನೆಯ ಕಾಗದದವರೆಗೆ ಕೂದಲೆಳೆ ಆಚೀಚೆ ಆಗಲಿಲ್ಲ. ಹತ್ತನೆಯದಕ್ಕೆ ಅತ್ತಿಗೆ "ಆರೂವರೆ" ಎಂದಾಗ ಹುಡುಗಿ, "ಇಲ್ಲಿ ಆರು ಅಂತಿದೆ ಮೇಡಂ" ಎಂದಳು.

"ಇರಬಹುದಮ್ಮ. ಅವತ್ತು ಒಲೆ ಮೇಲೆ ಹಾಲಿಟ್ಟಿದ್ದೆ. ಆರೂವರೆ ಕೊಡಬೇಕಾಗಿತ್ತು ಪಾಪ."

ಅಧಿಕಾರಿ ಜವಾನನ ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದರು. ಆಮೇಲೆ ಕಡತ ತೆರೆದು ತಮ್ಮಷ್ಟಕ್ಕೇ ಲೆಕ್ಕಾಚಾರ ಹಾಕಿದರು. "ಇವರು ಹೊರಗಿನವರು. ಹೊರಗಿನವರು ತಿದ್ದಿದ ಕಾಗದ ನಡೆಯಲ್ಲ. ಆ ಕಾಗದ ನಡೆಯದಿದ್ರೆ ಅದನ್ನ ನೋಡಿ ಕಲಿತ ಯಂತ್ರಾನೂ ನಡೆಯಲ್ಲ. ಯಂತ್ರ ನಡೆಯದಿದ್ರೆ ನಲವತ್ತು ಶಾಲೇದು ವಾಪಸ್ ತರಬೇಕು. ಅದನ್ನ ಮಂಜೂರು ಮಾಡಿದ್ದು ಯಾರು?"

"ಯಾರು ಸಾರ್?" ಎಂದರು ಹೆಡ್ ಮೇಡಂ.

"ನಾನು" ಎಂದು ಅಧಿಕಾರಿ ಕಡತ ಮುಚ್ಚಿದರು.

ಕೊನೆಗೆ ವರದಿಯಲ್ಲಿ ಬರೆದದ್ದು ಇಷ್ಟು: ಪರೀಕ್ಷಿಸಲಾಯಿತು. ಮೇಷ್ಟ್ರ ಕ್ರಮ ತೃಪ್ತಿಕರವಾಗಿದೆ. ಹೊಂದದ ಕಟ್ಟನ್ನು ತಿದ್ದುವಾಗ ಅವರಿಗೆ ಮೈ ಸರಿ ಇರಲಿಲ್ಲ. ಸಾಕ್ಷಿ ಎಂದು ನಾನು ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಯಾವ ಚಿತ್ರವನ್ನೂ ನಾನು ಅಷ್ಟು ಶ್ರದ್ಧೆಯಿಂದ ಬರೆದಿಲ್ಲ.

ಹೊರಡುವಾಗ ಅಧಿಕಾರಿ ಅತ್ತಿಗೆಗೆ ಕೈ ಮುಗಿದರು. "ಇನ್ನು ನಿಮಗೆ ಈ ತೊಂದರೆ ಇಲ್ಲಮ್ಮ. ಕಾಗದ ಮನೆಗೆ ಬರೋದೇ ಇಲ್ಲ. ಎಲ್ಲ ಯಂತ್ರ ನೋಡ್ಕೊಳ್ಳುತ್ತೆ." ಅವರು ಒಳ್ಳೆಯ ಸುದ್ದಿ ಎಂದೇ ಹೇಳಿದ್ದು.

ಅತ್ತಿಗೆಯ ಕೈಯಲ್ಲಿ ಕನ್ನಡಕ ಇನ್ನೂ ಹಾಗೇ ಇತ್ತು. ಹುಡುಗಿಯ ಕಡೆ ತಿರುಗಿ, "ಅದಕ್ಕೆ ಯಾರು ಓದಿ ಹೇಳ್ತಾರಮ್ಮ?" ಎಂದು ಕೇಳಿದರು.

"ಓದಿ ಹೇಳೋದು ಬೇಕಿಲ್ಲ ಮೇಡಂ. ಒಂದು ಕಾಗದಕ್ಕೆ ಎರಡು ಸೆಕೆಂಡ್."

"ಎರಡೇ ಸೆಕೆಂಡಾ" ಎಂದು ಅತ್ತಿಗೆ ಕನ್ನಡಕವನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಕೆಲಸ ಉಳಿಯಿತು, ಮರ್ಯಾದೆಯೂ ಉಳಿಯಿತು. ಆದರೆ ಗೋಡೆಯಾಚೆ ಸಂಜೆ ಐದಕ್ಕೆ ಸದ್ದಿಲ್ಲವಾಯಿತು. ಎಂಟು ವರ್ಷ ಆ ಓದಿನ ಗಲಾಟೆಗೆ ಗೊಣಗಿದವನು ನಾನು. ಈಗ ಆ ಹೊತ್ತಿಗೆ ನನಗೆ ಏನೂ ತೋಚುತ್ತಿರಲಿಲ್ಲ, ಬಹಳ ಬೇಸರವಾಗುತ್ತಿತ್ತು. ಅತ್ತಿಗೆ ಒಂದೆರಡು ಸಲ ಕಾಂಪೌಂಡಿನ ಹತ್ತಿರ ನನ್ನನ್ನು ನಿಲ್ಲಿಸಿ ಏನೋ ಬೇರೆ ಮಾತಾಡಿ, ಕೊನೆಗೆ, "ಆ ಓರೆ ಅಕ್ಷರದ ಹುಡುಗಿ ಹೇಗಿದಾಳೆ?" ಎಂದು ಕೇಳಿದರು. ನನ್ನ ತರಗತಿಯಲ್ಲಿ ಎಲ್ಲರ ಗೆರೆಯೂ ಓರೆಯೇ. ಯಾವ ಹುಡುಗಿ ಎಂದು ಹೇಳಲಿ? ಶಾಲೆಯಲ್ಲಿ ಮೇಷ್ಟ್ರೂ ಹಾಗೇ. ಗಂಟೆ ಹೊಡೆದ ಮೇಲೂ ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಿಲ್ಲದೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರ ಮುರಿದ ಕುರ್ಚಿಯ ಎದುರು ಕೂತಿರುತ್ತಿದ್ದರು.

ಅರ್ಧವಾರ್ಷಿಕ ಪರೀಕ್ಷೆಯ ಅಂಕ ಒಂದೇ ದಿನದಲ್ಲಿ ಬಂತು. ಮಾರನೆಯ ಸಂಜೆ ಐದು ದಾಟಿದಾಗ ಗೋಡೆಯಾಚೆ ಓದುವ ದನಿ ಕೇಳಿ ನಾನು ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ಜಗುಲಿಯಲ್ಲಿ ಮೇಷ್ಟ್ರು ಯಂತ್ರ ತಿದ್ದಿ ಮುಗಿಸಿದ ಕಟ್ಟಿನಿಂದ ತಂದ ಒಂದೇ ಒಂದು ಕಾಗದ ಹಿಡಿದಿದ್ದರು. ಅತ್ತಿಗೆ ಹೊಸ್ತಿಲಲ್ಲಿ ಕೂತಿದ್ದರು, ಕೈಯಲ್ಲಿ ಕೆಲಸವಿರಲಿಲ್ಲ. ವಿಷಯ, ನಮ್ಮ ತರಗತಿಯ ಬೆಂಚು. ಬರೆದವಳು ಓರೆ ಅಕ್ಷರದ ಹುಡುಗಿ. ಅವಳ ಬೆಂಚಿನ ಒಂದು ಕಾಲು ಗಿಡ್ಡವಂತೆ. ಅದಕ್ಕೆ ಅವಳು, ಅಂಕ ತೋರಿಸಲು ಕೊಟ್ಟಾಗ ವಾಪಸ್ ಕೊಡದೆ ಉಳಿಸಿಕೊಂಡ ತನ್ನ ಹಳೆಯ ಉತ್ತರಪತ್ರಿಕೆಯನ್ನೇ ಮಡಿಸಿ ಇಟ್ಟಿದ್ದಾಳಂತೆ. ಪೆನ್ಸಿಲ್ ಬಿದ್ದು ಬಗ್ಗಿದಾಗಲೆಲ್ಲ ಮಡಿಕೆಯ ಮೇಲೆ ಕೆಂಪು ಅಕ್ಷರ ಕಾಣುತ್ತದಂತೆ: ಇನ್ನೆರಡು ಸಾಲು ಬರಿ. ಅದಕ್ಕೇ ಪ್ರತಿ ಸಲ ಎರಡೆರಡು ಸಾಲು ಜಾಸ್ತಿ ಬರೆದು ಬರೆದು ಈ ಸಲ ಹಾಳೆ ಸಾಕಾಗಲಿಲ್ಲವಂತೆ. ಮೂರು ಸಾಲಿನ ಹುಡುಗಿ ಎರಡೂ ಮಗ್ಗುಲು ತುಂಬಿಸಿದ್ದಳು. ತಪ್ಪುಗಳು ಬೇಕಾದಷ್ಟಿದ್ದವು.

ಮೇಷ್ಟ್ರು ಓದಿ ಮುಗಿಸಿದರು. ಅತ್ತಿಗೆ ಕಣ್ಣೊರೆಸಿಕೊಂಡು, "ಮಷೀನು ಎಷ್ಟು ಕೊಟ್ಟಿದೆ?" ಎಂದರು.

"ಮೊದಲು ನೀನು ಹೇಳು."

"ಏಳು."

ಮೇಷ್ಟ್ರು ಎಡಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದ ಒಂದು ಚೀಟಿಯನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ಅವರ ಕೈಬರಹದಲ್ಲಿ ಏಳು ಎಂದಿತ್ತು. "ಶಾಲೇಲೇ ಬರೆದಿಟ್ಟುಕೊಂಡೆ ಕಣೇ. ನಾನೇ ಓದಿ, ನಾನೇ ಕೇಳಿಸಿಕೊಂಡೆ."

ಅತ್ತಿಗೆ ಅನುಮಾನದಿಂದ ಅವರ ಮುಖ ನೋಡಿದರು. "ಎಷ್ಟು ಹೊತ್ತಿಗೆ ಬರೆದಿದ್ದು?"

"ಮೂರೂವರೆಗೆ. ಇವರನ್ನೇ ಕೇಳು, ಸ್ಟಾಫ್ ರೂಮಲ್ಲಿ ಇದ್ರು."

"ಮೂರೂವರೆಯೇ" ಎಂದು ನಾನು ಸಾಕ್ಷಿ ಹೇಳಿದೆ. ಈ ಸಲ ಸುಳ್ಳು ಸೇರಿಸಬೇಕಾಗಿರಲಿಲ್ಲ.

"ಯಂತ್ರ ಐದು ಕೊಟ್ಟಿದೆ" ಎಂದರು ಮೇಷ್ಟ್ರು. "ಅವಳು ಮೊದಲು ಮೂರೇ ಸಾಲು ಬರೀತಿದ್ದಳು ಅಂತ ಅದಕ್ಕೆ ಗೊತ್ತಿಲ್ಲ."

ಅತ್ತಿಗೆ ಎದ್ದು ಒಳಗೆ ಹೋಗಿ ಕೆಂಪು ಪೆನ್ನು ತಂದು ಅವರ ಜೇಬಿಗೆ ಸಿಕ್ಕಿಸಿದರು. "ನಾಳೆ ಹೋಗಿ ಮೇಡಂಗೆ ಹೇಳಿ."

"ನಾನಾ?" ಎಂದು ಮೇಷ್ಟ್ರ ದನಿ ಹಳೆಯ ಜಾಗಕ್ಕೆ ಹೋಯಿತು. "ಇದು ನೀವೇ ಕಲಿಸಿದ ಯಂತ್ರ, ನಿಮ್ಮ ಮೇಲೆ ನೀವೇ ದೂರು ಕೊಡ್ತೀರಾ ಅಂದ್ರೆ?"

"ಕೊಡ್ತೀನಿ ಅನ್ನಿ."

ಮಾರನೆಯ ಬೆಳಿಗ್ಗೆ ನಾನು ಅವರ ಜೊತೆ ಹೆಡ್ ಮೇಡಂ ಕೋಣೆಯ ತನಕ ಹೋದೆ. ಈ ಸಲ ಅವರ ಕನ್ನಡಕ ಮೂಗಿನ ಮೇಲೇ ಇತ್ತು. ಮೇಡಂ ತಲೆಯೆತ್ತಿದಾಗ ಅವರು ಗೋಡೆಯ ಗಡಿಯಾರವನ್ನು ಒಂದು ಸಲವೂ ನೋಡದೆ ಕುರ್ಚಿ ಎಳೆದು ಕೂತರು.

"ಒಂದು ಐದು ನಿಮಿಷ ಮೇಡಂ" ಎಂದರು. "ಓದ್ತೀನಿ, ಕೇಳಿ."